ಬೆನ್ನಿನ ಸಾಕ್ಷಿ

ಕಾಲೇಜಿನ ದಿನಗಳೆಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಒಂದು ಗೋಡೆ. ಗದಗಿನ ನಮ್ಮ ಸಣ್ಣ ಕಾಲೇಜಿನ ಹಿಂದೆ ಆಟದ ಬಯಲಿತ್ತು, ಬಯಲಿಗೆ ಹೊಂದಿಕೊಂಡು ಹತ್ತಿಯ ಬೀಜ ಬಿಡಿಸುವ ಜಿನ್ನು. ಅದರ ಕಲ್ಲಿನ ಗೋಡೆಯ ಸಂದಿಗಳಲ್ಲಿ ಅರಳೆಯ ಎಳೆಗಳು ಸಿಕ್ಕಿಕೊಂಡಿರುತ್ತಿದ್ದವು. ಎಳೆಗಳು ಗಾಳಿಗೆ ಯಾವ ಕಡೆ ವಾಲುತ್ತಿದ್ದವೆಂದು ಇವತ್ತಿಗೂ ಹೇಳಬಲ್ಲೆ. ಆದರೆ ಆಡಿದ ಆಟಗಳಲ್ಲಿ ಗೆದ್ದವೆಷ್ಟು, ಸೋತವೆಷ್ಟು, ಕೇಳಿದರೆ ಹೇಳಲಾರೆ. ಆಟಗಾರನೊಬ್ಬ ಆಟವನ್ನು ಮರೆತು ಗೋಡೆಯನ್ನು ನೆನಪಿಟ್ಟುಕೊಳ್ಳುವಂತೆ ಮಾಡಿದ್ದು ನಮ್ಮ ಡ್ರಿಲ್ ಮಾಸ್ತರು. ಅವರನ್ನು ಆಗ ನಾನು ಮನಸಾರೆ ದ್ವೇಷಿಸುತ್ತಿದ್ದೆ. ವಯಸ್ಸಾದ ಮೇಲೆ ಇಂಥವೆಲ್ಲ ಕರಗುತ್ತವೆ ಎನ್ನುತ್ತಾರೆ. ನನ್ನದು ಕರಗಿಲ್ಲ.

ಸಂಸ್ಥಾನಗಳು ವಿಲೀನವಾದ ಮೇಲಿನ, ನಮ್ಮ ಕಡೆಯ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ ಅದು. ಮಾಸ್ತರು ಶಿರಹಟ್ಟಿಯವರು. ಅಲ್ಲಿಯ ಸಂಸ್ಥಾನದ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದರು. ರಾಜರು ಊರಿಗೆ ಬಂದರೆ ಹುಡುಗರನ್ನು ಸಾಲಾಗಿ ನಿಲ್ಲಿಸುವುದು, ಸಲಾಮು ಹೊಡೆಸುವುದು, ಆಮೇಲೆ ಪಂದ್ಯ ಆಡಿಸಿ ತೋರಿಸುವುದು ಅವರ ಕೆಲಸ. ಸಂಸ್ಥಾನ ಹೋಯಿತು, ಆ ಹುದ್ದೆಯೂ ಹೋಯಿತು. ಹೇಗೋ ಮಾಡಿ ನಮ್ಮ ಕಾಲೇಜಿಗೆ ಬಂದು ಸೇರಿಕೊಂಡರು. ಆಡಳಿತ ಮಂಡಳಿ ಅವರನ್ನು ಖಾಯಂ ಮಾಡಲಿಲ್ಲ. ಪ್ರತಿ ವರ್ಷ ಜೂನ್ ಬಂದಾಗ ಅಧ್ಯಕ್ಷರ ಮನೆಯ ಕಟ್ಟೆಯ ಮೇಲೆ ಕೂತು ಹೊಸ ಆದೇಶ ಪಡೆದು ಬರಬೇಕಿತ್ತು. ಅಲ್ಲಿ ಬಗ್ಗಿದ ನಡುವನ್ನು ಅವರು ನಮ್ಮೆದುರು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ನಾನು ಲಕ್ಷ್ಮೇಶ್ವರದವನು. ತಲೆತಲಾಂತರದಿಂದ ಗುಡಿಯ ಪೂಜೆ ನಡೆಸಿಕೊಂಡು ಬಂದ ಮನೆತನ. ಲಕ್ಷ್ಮೇಶ್ವರ ಬೇರೆ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಬೇರೆ ಸಂಸ್ಥಾನಕ್ಕೆ. ಎರಡೂ ಇಲ್ಲವಾಗಿದ್ದರೂ ಮಾಸ್ತರ ತಲೆಯಲ್ಲಿ ಗಡಿ ಹಾಗೇ ಉಳಿದಿತ್ತು.

"ಲೇ ಪೂಜಾರಿ, ಮಂತ್ರಾ ಹೇಳಾಕ ಗಂಟಲ ಬಿಡತೈತಿ, ಹುತುತು ಅನ್ನಾಕ ಏನ್ ಬ್ಯಾನಿ ನಿನಗ? ಲಕ್ಷ್ಮೇಶ್ವರದಾವ್ರು ಮೊದಲಿಂದನೂ ಹಿಂಗ. ನಿಮ್ಮ ರಾಜಾ ಒಮ್ಮೆರ ಊರಿಗೆ ಬಂದು ನಿಮ್ಮ ಮಾರಿ ನೋಡಿದ್ನೇನು?"

ನಮ್ಮ ತಂಡದ ನಾಯಕ ಮುಂಡರಗಿಯ ಅರಿವೆ ವ್ಯಾಪಾರಿಯೊಬ್ಬರ ಮಗ, ಮುಸಲ್ಮಾನ ಹುಡುಗ. ಗಿಡ್ಡ, ಗಟ್ಟಿ, ಯಾವುದಕ್ಕೂ ಉದ್ವೇಗಗೊಳ್ಳದವನು. ಅವನು ಮಣ್ಣು ಕೊಡವಿಕೊಳ್ಳುತ್ತ, "ಸರ, ಈಗ ಇಬ್ರೂ ರಾಜರು ಔಟ್ ಆಗಿ ಕುಂತಾರಲ್ರಿ. ಯಾರು ಮೊದಲು ಏಳ್ತಾರ ನೋಡೂಣು ತಡೀರಿ" ಎಂದ. ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ. ಅವನನ್ನೂ ನನ್ನನ್ನೂ ಸಂಜೆಯವರೆಗೆ ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು.

ಈ ಗೋಡೆಯ ಕತೆ ಹೇಳಬೇಕಾದರೆ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಹುತುತು ಎಂದರೆ ಈಗಿನವರ ಕಬಡ್ಡಿ. ನಾವು ಆಡುತ್ತಿದ್ದದ್ದು ಸಂಜೀವಿನಿ ಪದ್ಧತಿಯಲ್ಲಿ. ಮುಟ್ಟಿಸಿಕೊಂಡವನು ಅಥವಾ ಹಿಡಿಸಿಕೊಂಡವನು ಸತ್ತಂತೆ. ಅಂಕಣದ ಹೊರಗೆ ಸಾಲಿನಲ್ಲಿ ಕೂಡಬೇಕು. ನಮ್ಮವನೊಬ್ಬ ಎದುರಾಳಿಯನ್ನು ಕೊಂದರೆ, ನಮ್ಮ ಸಾಲಿನಲ್ಲಿ ಮೊದಲು ಸತ್ತವನಿಗೆ ಜೀವ ಬಂದು ಅವನು ಒಳಗೆ ಹೋಗುತ್ತಾನೆ. ಸರದಿ ತಪ್ಪಿ ಬೇರೊಬ್ಬ ಎದ್ದು ಹೋದರೆ ಎದುರಾಳಿಗೆ ಲಾಭ. ಶಿರಹಟ್ಟಿಯಲ್ಲಿ ಒಮ್ಮೆ ರಾಜರ ಅತಿಥಿಗಳೆದುರು ಹುಡುಗನೊಬ್ಬ ಹುರುಪು ತಡೆಯಲಾರದೆ ಸರದಿ ತಪ್ಪಿ ಎದ್ದು ಓಡಿದ್ದನಂತೆ. ಪಂದ್ಯ ಹೋಯಿತು, ಮಾಸ್ತರ ಮಾನವೂ ಹೋಯಿತು. ಅಂದಿನಿಂದ ಅವರು ಒಂದು ನೇಮ ಮಾಡಿದರು: ಸತ್ತವನು ಆಟಕ್ಕೆ ಬೆನ್ನು ಹಾಕಿ ಕೂಡಬೇಕು. ನೋಡಬಾರದು. ತೀರ್ಪು ಕೊಡುವ ಪಂಚರು ಕೂಗಲಿ, ಜನ ಕೂಗಲಿ, ಏಳಬಾರದು. ಜೀವ ಬಂದಾಗ ಮಾಸ್ತರು ತಾವೇ ಬಂದು ಎರಡು ಹೆಗಲಿನ ನಡುವೆ ಅಂಗೈ ಇಡುತ್ತಿದ್ದರು. ಆಗ ಮಾತ್ರ ಏಳಬೇಕು.

"ಸತ್ತ ಮ್ಯಾಲೂ ಆಟ ನೋಡಾಕ ನೀ ಏನ್ ದೆವ್ವ ಏನಲೇ?" ಎನ್ನುತ್ತಿದ್ದರು. ಕತ್ತು ಹೊರಳಿಸಿದವನ ಮೀನಖಂಡಕ್ಕೆ ಬೆತ್ತ ಬೀಳುತ್ತಿತ್ತು.

ಬೇರೆ ಊರಿನ ಪಂದ್ಯಗಳಲ್ಲೂ ನಾವು ಹೀಗೇ ಕೂಡುತ್ತಿದ್ದೆವು. ಪಂಚರು ನಗುತ್ತಿದ್ದರು, ಆದರೆ ಯಾವ ಕಡೆ ಮುಖ ಮಾಡಿ ಕೂಡಬೇಕೆಂದು ನಿಯಮದಲ್ಲಿ ಇರಲಿಲ್ಲ. ಜನ ಮಾತ್ರ ಬಿಡುತ್ತಿರಲಿಲ್ಲ. "ಏ, ಅಳಿಯಂದಿರು ಸಿಟ್ಟಾಗ್ಯಾರ ನೋಡ್ರಿ! ಉಡುಗೊರಿ ಕಮ್ಮಿ ಬಿತ್ತೇನ್ರೋ?" ಎಂದು ಕೂಗುತ್ತಿದ್ದರು. ನಾನು ಮಣ್ಣು ನೋಡುತ್ತ ಕೂಡುತ್ತಿದ್ದೆ. ತಂಡ ಬಿಟ್ಟುಬಿಡಬಹುದಿತ್ತು. ಆದರೆ ತಂಡದಲ್ಲಿದ್ದರೆ ಹಾಸ್ಟೆಲಿನಲ್ಲಿ ಜಾಗ. ತಂಡ ಬಿಟ್ಟರೆ ಲಕ್ಷ್ಮೇಶ್ವರದ ಗುಡಿಯ ಗಂಟೆ. ನನಗೆ ಗುಡಿಗೆ ಹಿಂತಿರುಗುವುದು ಬೇಕಿರಲಿಲ್ಲ.

ನನ್ನ ಕೊನೆಯ ವರ್ಷ ನಾವು ಅಂತಿಮ ಪಂದ್ಯಕ್ಕೆ ಬಂದೆವು. ಧಾರವಾಡದ ಕಡೆಯ ದೊಡ್ಡ ಕಾಲೇಜಿನ ಜತೆ, ನಮ್ಮದೇ ಬಯಲಿನಲ್ಲಿ. ಎರೆಮಣ್ಣಿನ ಬಯಲಾದ್ದರಿಂದ ಮಲ್ಲಸಮುದ್ರದ ಕಡೆಯಿಂದ ಚಕ್ಕಡಿಯಲ್ಲಿ ಕೆಂಪು ಮಸಾರಿ ಮಣ್ಣು ತರಿಸಿ ಅಂಕಣಕ್ಕೆ ಹಾಸಿದ್ದರು. ಹಿಂದಿನ ದಿನ ಮಾಸ್ತರು ನಮ್ಮನ್ನು ಸುತ್ತ ಕೂರಿಸಿಕೊಂಡು ತಮ್ಮ ವಿಷಯ ತಾವೇ ಹೇಳಿದರು. ಗೆದ್ದ ತಂಡಕ್ಕೆ ಕೊಡುವ ಢಾಲು ಬಂದರೆ ಖಾಯಂ ಮಾಡುವುದಾಗಿ ಅಧ್ಯಕ್ಷರು ಮಾತು ಕೊಟ್ಟಿದ್ದರು. ಬರದಿದ್ದರೆ ಬರುವ ಜೂನಿನಲ್ಲಿ ಆದೇಶವಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದೇ ಖೋಲಿಯ ಬಾಡಿಗೆ ಮನೆ ಅವರದು. ಹೆಂಡತಿ, ಮಕ್ಕಳು, ಕುರುಡಿ ತಾಯಿ. ಬೇರೆ ಯಾರಾದರೂ ಹೇಳಿದ್ದರೆ ಕರುಳು ಚುರ್ ಎನ್ನುತ್ತಿತ್ತು. ಇವರು ಹೇಳಿದ್ದು ಹೀಗೆ:

"ಢಾಲು ಬಂದ್ರ ನಾನೂ ಮನಷ್ಯಾ ಆಗತೇನಿ. ಬರಲಿಲ್ಲಂದ್ರ ಜೂನಿನ್ಯಾಗ ಮಕ್ಳನ್ನ ಕರ್ಕೊಂಡು ನಿಮ್ಮ ಬಾಗ್ಲಕ್ಕ ಬರತೇನಿ. ಒಬ್ಬೊಬ್ರ ಮನಿಗೆ ಒಂದೊಂದು ಕೂಸು ಬಿಟ್ಟು ಹೋಗತೇನಿ. ಪೂಜಾರಿ, ನಿಮ್ಮ ಮನಿಗೆ ನಮ್ಮವ್ವನ್ನ. ಪ್ರಸಾದ ಹಾಕಿ ಸಾಕ್ರಿ."

ಪಂದ್ಯದ ದಿನ ಬಯಲು ತುಂಬಿತ್ತು. ಜಿನ್ನಿನ ಕೂಲಿಯವರು ಗೋಡೆಯ ಮೇಲೆ ಹತ್ತಿ ಕೂತಿದ್ದರು. ಬೆನ್ನು ಹಾಕಿ ಕೂತ ನನಗೆ ಎದುರಿಗೆ ಕಾಣುತ್ತಿದ್ದದ್ದು ಅವರ ಮುಖಗಳು. ಆಟ ನೋಡಲಾಗದಿದ್ದರೂ ಆ ಮುಖಗಳಲ್ಲಿ ಆಟ ಓದಬಹುದಿತ್ತು ಎಂದು ನನಗೀಗ ಅನ್ನಿಸುತ್ತದೆ. ಅಂದು ಅನ್ನಿಸಿತ್ತೋ ಇಲ್ಲವೋ. ಇಂಥ ಜಾಗದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅವರು ಗೋಡೆಯ ಮೇಲೆ ಕೂತದ್ದು ಆ ಪಂದ್ಯದಲ್ಲೋ, ಅದರ ಹಿಂದಿನ ವರ್ಷದ್ದರಲ್ಲೋ, ಅದೂ ಗಟ್ಟಿಯಿಲ್ಲ.

ಗಟ್ಟಿಯಿರುವುದು ಇಷ್ಟು. ಆಟ ಮುಗಿಯುತ್ತ ಬಂದಿತ್ತು. ನಮ್ಮ ಕಡೆ ನಾಯಕನೂ ಅಸುಂಡಿಯ ಒಕ್ಕಲಿಗರ ಹುಡುಗನೂ ಇಬ್ಬರೇ ಉಳಿದಿದ್ದರು. ಉಳಿದವರೆಲ್ಲ ಸತ್ತು ಸಾಲಿನಲ್ಲಿ ಕೂತಿದ್ದೆವು. ಸಾಲಿನಲ್ಲಿ ಮೊದಲನೆಯವನು ನಾನು. ನಾಯಕ ದಾಳಿಗೆ ಹೋದ. ಅವನ ಹುತುತು ಕೇಳಿಸುತ್ತಿತ್ತು, ಆಮೇಲೆ ಜನರ ಗದ್ದಲದಲ್ಲಿ ಮುಳುಗಿತು. ಅವನು ಒಬ್ಬನನ್ನು ಮುಟ್ಟಿ, ಮೈಮೇಲೆ ಬಿದ್ದವರನ್ನು ಎಳೆದುಕೊಂಡೇ ನಡುಗೆರೆ ಮುಟ್ಟಿದ್ದನಂತೆ. ಅಂದರೆ ನನಗೆ ಜೀವ ಬಂದಿತ್ತು. ಪಂಚರು ಕೂಗಿ ಹೇಳಿದರಂತೆ. ನನಗೆ ಕೇಳಿಸಿದ್ದು ಕೂಗಾಟ ಮಾತ್ರ. ನಮ್ಮವನು ಕೊಂದು ಬಂದರೂ ಅದೇ ಕೂಗು, ಬರೇ ತಪ್ಪಿಸಿಕೊಂಡು ಬಂದರೂ ಅದೇ ಕೂಗು. ನಾನು ಅಂಗೈಗಾಗಿ ಕಾಯುತ್ತ ಕೂತೆ. ಎರಡು ವರ್ಷ ಬೆತ್ತ ತಿಂದು ಕಲಿತ ವಿದ್ಯೆ ಅದು.

ಎದುರಾಳಿಗಳು ಜಾಣರು. ನಾನು ಏಳದ್ದನ್ನು ನೋಡಿ, ತಡಮಾಡದೆ ದಾಳಿಗೆ ತಮ್ಮವನನ್ನು ಕಳಿಸಿದರು. ನಾಯಕ ಇನ್ನೂ ಏದುಸಿರು ಬಿಡುತ್ತಿದ್ದ. ದಾಳಿಗೆ ಬಂದವನು ಅವನನ್ನೂ ಅಸುಂಡಿಯವನನ್ನೂ ಒಟ್ಟಿಗೇ ಮುಟ್ಟಿ ಹೋದ. ಇಡೀ ತಂಡ ಸತ್ತಿತು. ಪಂದ್ಯ ಹೋಯಿತು. ಯಾರೋ ನನ್ನ ಅಂಗಿ ಜಗ್ಗಿ, "ಏಳೋ ಮಾರಾಯಾ, ಎಲ್ಲಾ ಮುಗೀತು" ಎಂದಾಗ ನಾನು ತಿರುಗಿ ನೋಡಿದೆ. ಮಾಸ್ತರು ನಮ್ಮ ಹಿಂದೆ ಇರಲಿಲ್ಲ. ದೂರದಲ್ಲಿ ಕುರ್ಚಿಗಳ ಹತ್ತಿರ, ಆಗಷ್ಟೇ ಕಾರಿನಿಂದ ಇಳಿದಿದ್ದ ಅಧ್ಯಕ್ಷರೆದುರು ಕೈ ಜೋಡಿಸಿ ನಿಂತಿದ್ದರು.

ಅಲ್ಲಿಂದ ಅವರು ಓಡುತ್ತ ಬಂದರು. "ಬೆನ್ನ ಮ್ಯಾಲೆ ಕೈ ಇಟ್ಟು ಹೋಗೇನಲ್ಲೋ! ಕೈ ಇಟ್ರೂ ಹೆಣದಂಗ ಕುಂತ್ಯಲ್ಲೋ!"

"ಇಲ್ಲ ಸರ. ನೀವು ಕೈ ಇಟ್ಟಿಲ್ಲ."

ಎರಡೂ ಕಾಲೇಜಿನವರು, ಪಂಚರು, ಅಧ್ಯಕ್ಷರು ಎಲ್ಲರೂ ನೋಡುತ್ತಿದ್ದಂತೆ ಅವರು ನನ್ನ ಕೆನ್ನೆಗೆ ಬಾರಿಸಿದರು. "ಈ ಕೈಯರ ಗೊತ್ತಾತೇನು?" ಎಂದರು.

ಜೂನಿನಲ್ಲಿ ಅವರಿಗೆ ಆದೇಶ ಬರಲಿಲ್ಲ. ಆಟ ನಡೆಯುತ್ತಿರುವಾಗ ತಂಡ ಬಿಟ್ಟು ತಮ್ಮೆದುರು ಕೈ ಮುಗಿಯಲು ಬಂದ ಮನುಷ್ಯ ಯಾತರ ಮಾಸ್ತರ ಎಂದು ಅಧ್ಯಕ್ಷರು ಹೇಳಿದರಂತೆ. ಕೈ ಮುಗಿಯದೆ ನಿಂತಿದ್ದರೆ ಏನು ಹೇಳುತ್ತಿದ್ದರೋ. ಮಾಸ್ತರು ಹೋದ ಕಡೆಯೆಲ್ಲ ಒಂದೇ ಮಾತು ಹೇಳಿದರು: ಕೈ ಇಟ್ಟೇ ಹೋಗಿದ್ದೆ, ಆ ಪೂಜಾರಿ ಮಗ ಹಗೆ ತೀರಿಸಿಕೊಂಡ. ಮುಂಡರಗಿಯ ಒಂದು ಶಾಲೆಯಲ್ಲಿ ಅವರಿಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಸಣ್ಣ ಹುಡುಗರಿಗೆ ಕವಾಯತು ಕಲಿಸುವುದು. ಅದೂ ವರ್ಷದಿಂದ ವರ್ಷಕ್ಕೆ.

ನಾನು ಧಾರವಾಡಕ್ಕೆ ಹೋಗಿ ತರ್ಕಶಾಸ್ತ್ರ ಓದಿದೆ. ಯಾವುದನ್ನು ಎಷ್ಟು ನಂಬಬೇಕು ಎನ್ನುವುದೇ ಅಲ್ಲಿಯ ವಿದ್ಯೆ. ಅದನ್ನು ಎಲ್ಲದಕ್ಕೂ ಹಚ್ಚಿ ನೋಡಿದೆ, ಆ ಪಂದ್ಯಕ್ಕೆ ಮಾತ್ರ ಹಚ್ಚಿರಲಿಲ್ಲ. ಕೈ ಇಟ್ಟಿಲ್ಲ ಎನ್ನುವುದು ನನ್ನ ಬೆನ್ನಿಗೆ ಗೊತ್ತಿತ್ತು. ಕಣ್ಣು ಮೋಸ ಮಾಡಬಹುದು, ಕಿವಿ ಮೋಸ ಮಾಡಬಹುದು, ಬೆನ್ನು ಯಾಕೆ ಮೋಸ ಮಾಡುತ್ತದೆ?

ಒಂದು ರಜೆಯಲ್ಲಿ ಮುಂಡರಗಿಗೆ ಹೋದಾಗ ನಮ್ಮ ನಾಯಕನ ಅಂಗಡಿಯಲ್ಲಿ ಕೂತಿದ್ದೆ. ಅವನು ತಂದೆಯ ಗಾದಿಗೆ ಬಂದಿದ್ದ, ಹೊಟ್ಟೆಯೂ ಬಂದಿತ್ತು. ಮಾಸ್ತರು ಈಗಷ್ಟೇ ಈ ಬೀದಿಯಲ್ಲೇ ಹೋದರು ಎಂದು ಹೇಳಿ, ಸಹಜವಾಗಿ ಸೇರಿಸಿದ:

"ಏನರ ಅನ್ನು ದೋಸ್ತ, ಅವತ್ತ ಅವರು ನಿನ್ನ ಮ್ಯಾಲೆ ಬಗ್ಗಿದ್ರು. ನಾ ನೋಡೇನಿ."

"ನೀ ದಾಳಿಯೊಳಗ ಇದ್ದಿ. ನನ್ನ ಬೆನ್ನು ನೋಡಾಕ ನಿನಗ ಪುರಸತ್ತು ಎಲ್ಲಿತ್ತು?"

"ಗೆರಿ ಮುಟ್ಟಿ ಈ ಕಡೆ ತಿರುಗಿದ್ನಲ್ಲಾ, ಆವಾಗ. ಮಾಸ್ತರು ಬಗ್ಗಿದ್ರು."

"ಕೈ ಇಟ್ಟದ್ದು ನೋಡಿಯೇನು?"

ಅವನು ಅರಿವೆಯ ಗಂಟು ಬಿಚ್ಚುತ್ತ ನಕ್ಕ. "ಕೈ ಇಡಾಕ ಅಲ್ಲದ ಮತ್ತ್ಯಾಕ ಬಗ್ಗತಾರೋ? ಕಾಲ್ಮರಿ ಹುಡುಕಾಕ ಬಗ್ಗಿದ್ರೇನು?"

ನಗೆಗೆ ಹೇಳಿದ ಮಾತು. ಆದರೆ ನನಗೆ ನಗು ಬರಲಿಲ್ಲ. ಮಾಸ್ತರು ಆಟದ ಅಂಕಣದ ಹತ್ತಿರ ಎಂದೂ ಕಾಲ್ಮರಿ ಮೆಟ್ಟುತ್ತಿರಲಿಲ್ಲ. ಗುಡಿಯ ಹೊರಗೆ ಬಿಡುವಂತೆ ನಮ್ಮ ಸಾಲಿನ ಹಿಂದೆ ಬಿಡುತ್ತಿದ್ದರು. ಅಧ್ಯಕ್ಷರನ್ನು ಕಾಣಲು ಹೋಗುವಾಗ ಬರಿಗಾಲಿನಲ್ಲಿ ಹೋಗುವ ಮನುಷ್ಯ ಅಲ್ಲ ಅವರು. ಬಗ್ಗಿದ್ದು ಕಾಲ್ಮರಿಗೇ ಇರಬೇಕು ಎಂದು ಒಂದು ಕ್ಷಣ ಗೆದ್ದಷ್ಟು ಖುಷಿಯಾಯಿತು. ಆಮೇಲೆ ಆ ಖುಷಿಯ ಮೇಲೇ ಅನುಮಾನ ಬಂತು. ಬಗ್ಗಿದವರು ಬಗ್ಗಿದ ಹಾಗೇ ಒಂದು ಕೈಯನ್ನು ನನ್ನ ಬೆನ್ನಿಗೆ ಸೋಕಿಸಿ, ಇನ್ನೊಂದರಲ್ಲಿ ಕಾಲ್ಮರಿ ಎತ್ತಿಕೊಂಡಿದ್ದರೆ? ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಗದ್ದಲಕ್ಕೆ ನೆಲವೇ ಅದುರುತ್ತಿತ್ತು. ಆಮೇಲೆ ಬಿದ್ದ ಏಟು ಅದಕ್ಕೂ ಮೊದಲಿನದನ್ನೆಲ್ಲ ಅಳಿಸಿಹಾಕಿರಬಹುದು. ಹೊಡೆದವನು ಮುಟ್ಟಿರಲೇ ಇಲ್ಲ ಎಂದು ನಂಬುವುದು ಹೊಡೆಸಿಕೊಂಡವನಿಗೆ ಎಷ್ಟು ಅನುಕೂಲ! ಅಂದಿನಿಂದ ನನ್ನ ಬೆನ್ನು ಬಾಯಿ ಮುಚ್ಚಿತು. ಎಷ್ಟು ಕೇಳಿದರೂ ಹೌದೂ ಅನ್ನದು, ಇಲ್ಲವೂ ಅನ್ನದು.

ಕನ್ನಡ ಜಿಲ್ಲೆಗಳೆಲ್ಲ ಸೇರಿ ಒಂದೇ ರಾಜ್ಯವಾಯಿತು. ಮೆರವಣಿಗೆ, ಭಾಷಣ, ಬೆಲ್ಲ ಹಂಚುವುದು ಎಲ್ಲ ಆಯಿತು. ನಾನು ಅದೇ ಕಾಲೇಜಿಗೆ ತರ್ಕಶಾಸ್ತ್ರದ ಅಧ್ಯಾಪಕನಾಗಿ ಬಂದೆ. ಹೊಸ ಸರಕಾರದ ಕಾಲಕ್ಕೆ ಕಾಲೇಜಿನಲ್ಲಿ ಡ್ರಿಲ್ ಮಾಸ್ತರ ಹುದ್ದೆ ಖಾಯಂ ಆಯಿತು. ಮುಂಡರಗಿಯಿಂದ ನಮ್ಮ ಮಾಸ್ತರು ಅರ್ಜಿ ಹಾಕಿದರು. ಅಧ್ಯಕ್ಷರು ಅವರೇ, ಬದಲಾಗಿರಲಿಲ್ಲ. ಹತ್ತಿ ವ್ಯಾಪಾರದವರು, ಪಂಚಾಯ್ತಿ ಬಗೆಹರಿಸುವ ಚಟ. "ಆ ಹುಡುಗ ಈಗ ನಮ್ಮಲ್ಲೇ ಅದಾನಲ್ಲ. ಕೈ ಇಟ್ಟಿದ್ರು ಅಂತ ಅವನ ಹೇಳಿದ್ರ ತಗೋರಿ. ನಂದೇನೂ ತಕರಾರಿಲ್ಲ" ಎಂದು ಪ್ರಿನ್ಸಿಪಾಲರಿಗೆ ಹೇಳಿ ಕೈ ತೊಳೆದುಕೊಂಡರು.

ಮಾಸ್ತರಿಗೆ ಇದು ಹೇಗೋ ತಿಳಿದು ನನ್ನ ಖೋಲಿಗೆ ಬಂದರು. ಮೈ ಇಳಿದಿತ್ತು, ಟೋಪಿಯ ಅಂಚು ಜಿಡ್ಡಾಗಿತ್ತು. ಬಾಯಿ ಮಾತ್ರ ಅದೇ.

"ಏನ್ರಿ ಪ್ರೊಫೆಸರ್ ಸಾಹೇಬ್ರ, ಒಳಗ ಬಾ ಅಂತೀರೋ, ಇಲ್ಲಾ ಬಾಗ್ಲಾಗ ನಿಂತ ಹೋಗಲೋ?"

"ಬರ್ರಿ ಸರ. ಕುಂಡ್ರಿ."

"ಕುಂಡ್ರೂದಿಲ್ಲ. ಬೇಡಾಕ ಬಂದಾಂವ ಕುಂಡ್ರತಾನ. ನಾ ಬೇಡಾಕ ಬಂದಿಲ್ಲ. ನಾಳೆ ನಿನ್ನ ಕೇಳ್ತಾರ. ಖರೆ ಹೇಳು, ಸಾಕು."

"ನಿಮ್ಮ ಖರೆ ಒಂದು, ನನ್ನ ಖರೆ ಒಂದು ಇದ್ರ ಏನ್ ಮಾಡ್ಲಿ ಸರ?"

"ಇರೂದು ಒಂದ ಬೆನ್ನು. ಎರಡು ಖರೆ ಎಲ್ಲಿಂದ ಬಂದೂವಲೇ?" ಎಂದರು. 'ರಿ' ಹೋಗಿ 'ಲೇ' ಬಂದಿತ್ತು. "ನನ್ನ ಹಿರೀ ಮಗಳ ಲಗ್ನ ಎರಡು ಸಲ ಮುರದೈತಿ. ಖಾಯಂ ನೌಕರಿ ಇಲ್ಲದಾಂವನ ಮನಿ ಹೆಣ್ಣು ಬ್ಯಾಡಂತ. ಇದನ್ನ ನಿನ್ನ ಮುಂದ ಅಳಾಕ ಹೇಳಾಕತ್ತಿಲ್ಲ. ಗೊತ್ತಿರ್ಲಿ ಅಂತ ಹೇಳಿದ್ನಿ."

ಹೊಡೆದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡುತ್ತಾರೇನೋ ಎಂದು ನಾನು ಕಾದಿದ್ದೆ. ಆಡಿದ್ದರೆ ಮರುದಿನ ಏನು ಹೇಳುತ್ತಿದ್ದೆನೋ, ಹೇಳಲಾರೆ.

ಮರುದಿನ ಪ್ರಿನ್ಸಿಪಾಲರು ಕರೆದರು. ಸೌಮ್ಯ ಮನುಷ್ಯ, ಆದರೆ ಯಾವ ಕೆಲಸವಾದರೂ ಅವರಿಗೆ ಊಟದ ಗಂಟೆಗೆ ಮೊದಲು ಮುಗಿಯಬೇಕು. ನಾನು ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಆ ದಿನ ನನಗೆ ಖಾತ್ರಿಯಿತ್ತು, ಈಗ ಇಲ್ಲ. ಇಟ್ಟಿರಬಹುದು, ಇಟ್ಟಿರದೆಯೂ ಇರಬಹುದು.

"ಅದೆಲ್ಲಾ ಸರಿ. ಹೌದೋ ಅಲ್ಲೋ ಹೇಳ್ರಿ."

"ಹೇಳಾಕ ಬರೂದಿಲ್ಲ ಸರ."

"ಬರೂದಿಲ್ಲ ಅಂದ್ರ ಇಟ್ಟಿಲ್ಲ ಅಂತ ತಿಳ್ಕೊಳ್ಳೇನು?"

"ಹಂಗಲ್ಲ ಸರ."

"ಮತ್ತ ಇಟ್ಟಾರ ಅಂತ ಚೇರ್ಮನ್ನರಿಗೆ ಹೇಳ್ಲೇನು?"

"ಹಂಗೂ ಅಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆತು ಬಿಡ್ರಿ" ಎಂದರು. ಆ ಹುದ್ದೆ ಮೈಸೂರು ಕಡೆಯಿಂದ ಬಂದ, ತರಬೇತಿ ಪಡೆದ ಯುವಕನೊಬ್ಬನಿಗೆ ಹೋಗುತ್ತದೆಂದು ಆ 'ಆತು'ವಿನಲ್ಲೇ ನನಗೆ ಗೊತ್ತಾಯಿತು.

ಮಾಸ್ತರು ಹೊರಗೆ ಪಡಸಾಲೆಯಲ್ಲಿ ನಿಂತಿದ್ದರು. ಒಳಗೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಅವರಿಗೆ ಹೇಳಿದೆ. ಬೈಯುತ್ತಾರೆಂದು ಸಿದ್ಧನಾಗಿದ್ದೆ; ನಿಜ ಹೇಳಬೇಕೆಂದರೆ, ಬೈಯಲಿ ಎಂದು ಕಾಯುತ್ತಿದ್ದೆ. ಅವರು ಬೈಯಲಿಲ್ಲ.

"ಇಟ್ಟಿಲ್ಲ ಅಂದಿದ್ರ, ಹುಡುಗ ಸೇಡು ತೀರಿಸ್ಕೊಂಡ ಅಂತಿದ್ನಿ. ನಾ ಹೊಡದಿದ್ನಿ, ನೀ ಹೊಡದಿ, ಲೆಕ್ಕಾ ಚುಕ್ತಾ ಅಂತಿದ್ನಿ. ಇಟ್ಟಾರ ಅಂದಿದ್ರ ನನ್ನ ಮನ್ಯಾಗ ಒಲಿ ಉರೀತಿತ್ತು. ಗೊತ್ತಿಲ್ಲ ಅಂದ್ಯಲ್ಲ, ಅದಕ್ಕ ನಾ ಏನನ್ಲಿ? ಇಷ್ಟು ಓದಿದ್ದು ಇದನ್ನ ಕಲಿಯಾಕೇನು?"

"ನೀವ ಹೇಳ್ರಿ ಸರ" ಎಂದೆ. ಸಿಟ್ಟು ಬಂದಿತ್ತು. "ಇಲ್ಲೆ ಯಾರೂ ಇಲ್ಲ. ಅವತ್ತ ಖರೇನ ಕೈ ಇಟ್ಟಿದ್ರೇನು?"

ಅವರು ತಕ್ಷಣ ಹೌದು ಎನ್ನಲಿಲ್ಲ. ಇಷ್ಟು ವರ್ಷ ಊರೂರಲ್ಲಿ ಹೇಳಿಕೊಂಡು ಬಂದ ಮಾತು, ತುಟಿಯ ಮೇಲೇ ಇರಬೇಕಾಗಿತ್ತು. ತಡೆದರು. ತಡೆದದ್ದು ನನ್ನ ಕಣ್ಣಿಗೆ ಕಂಡಿತು. ಈ ಒಂದು ವಿಷಯದಲ್ಲಿ ನನಗೆ ಅನುಮಾನವಿಲ್ಲ.

"ಇಟ್ಟೇನಿ ಅಂತ ಹೇಳ್ಕೋತ ಬಂದೇನಲ್ಲೋ" ಎಂದರು ಕೊನೆಗೆ. "ಇನ್ನ ಇಟ್ಟಿಲ್ಲಂದ್ರ ನಡದೀತೇನು?"

ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಮೇಲೆ ನನ್ನ ಕೆನ್ನೆಗೆ ಹೊಡೆದಿದ್ದರು, ಗೊತ್ತಿಲ್ಲದ್ದನ್ನೇ ಹಿಡಿದು ನನ್ನನ್ನು ಊರ ತುಂಬ ಹಗೆಗಾರ ಎಂದು ಸಾರಿದ್ದರು. ಆಗ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿದ್ದು, ಈ ಮನುಷ್ಯನನ್ನು ನಾನು ದ್ವೇಷಿಸಿದ್ದು ಸಾಲದು ಎಂದು. ಆದರೂ ಅವರ ಆ ಮಾತನ್ನು ಒಳಗೆ ಹೋಗಿ ಪ್ರಿನ್ಸಿಪಾಲರಿಗೆ ಹೇಳಬಹುದಿತ್ತಲ್ಲ, ಹೇಳಲಿಲ್ಲ. ಹೇಳಿದರೆ ಅದು ಅವರ ಪರವಾಗುತ್ತಿತ್ತೋ ವಿರುದ್ಧವಾಗುತ್ತಿತ್ತೋ ನನಗೆ ಬಗೆಹರಿಯಲಿಲ್ಲ. ನಾನು ಅದನ್ನೇ ಯೋಚಿಸುತ್ತ ನಿಂತಿರುವಾಗ ಅವರು ಮುಂಡರಗಿಯ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದರು.